ಮನೆವಾರ್ತೆ: ಹಾಲಿನ ಸೀಸೆಯ ತೊಟ್ಟನ್ನು ಬದಲಾಯಿಸುವುದು ಯಾವಾಗ?

ಹೋದ ತಿಂಗಳು ನಾವು ನೆರೆಮನೆಗೆ ಹೋಗಿದ್ದಾಗ ಅಲ್ಲಿ ತಾಯಿಮಗಳಲ್ಲಿ ಸಣ್ಣದೊಂದು ವಾದವು ನಡೆಯುತ್ತಿದ್ದಿತು. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಮಗಳ ಕೂಸಿಗೆ ಆಗತಾನೆ ನಾಲ್ಕು ತಿಂಗಳು ತುಂಬಿದ್ದಿತು. ಮೊಲೆಹಾಲು ಸಾಲದೆ ಬಂದುದರಿಂದ ವೈದ್ಯರ ಸಲಹೆಯಂತೆ ದಿನಕ್ಕೆ ಎರಡು ಮೂರು ಸಲ ಶಿಶುಹಾಲಿನ ಪುಡಿಯನ್ನು ಕದಡಿ ಸೀಸೆಯಲ್ಲಿ ಕೊಡುತ್ತಿದ್ದರು. ಅದನ್ನು ಮುಗಿಸಲು ಕೂಸು ಮುಕ್ಕಾಲು ಗಂಟೆ ಹಿಡಿಯುತ್ತಿದ್ದಿತು. ನಡುನಡುವೆ ತೊಟ್ಟನ್ನು ಬಿಟ್ಟು ಅಳುತ್ತಿದ್ದಿತು.

“ಮೂರು ತಿಂಗಳಾದ ಮೇಲೆ ಎರಡನೆಯ ನಂಬರಿನ ತೊಟ್ಟು ಎಂದು ಪೆಟ್ಟಿಗೆಯ ಮೇಲೆ ಬರೆದಿದೆ, ಅಮ್ಮ. ಅದನ್ನೇ ತರಿಸೋಣ” ಎಂದಳು ಮಗಳು. “ಅದಕ್ಕೇಕೆ ದುಡ್ಡು ಕಣೇ? ಸೂಜಿ ಕಾಯಿಸಿ ತೂತು ದೊಡ್ಡದು ಮಾಡಿದರಾಯಿತು. ನೀನು ಮಗುವಾಗಿದ್ದಾಗ ಹಾಗೆಯೇ ಮಾಡಿದ್ದೆವು” ಎಂದರು ತಾಯಿ. ಇಬ್ಬರೂ ನಮ್ಮ ಕಡೆ ತಿರುಗಿ, “ನೀವೇ ಹೇಳಿ” ಎಂದರು.

ನಾವು ಸೀಸೆಯನ್ನು ಕೈಗೆ ತೆಗೆದುಕೊಂಡು ನೋಡಿದೆವು. ತೊಟ್ಟನ್ನು ಹಿಡಿದಿರುವ ತಿರುಪಿನ ಬಳೆಯನ್ನು ಬಲವಾಗಿ ಬಿಗಿದುಬಿಟ್ಟಿದ್ದರು. ಗಾಳಿಯು ಒಳಗೆ ಹೋಗಲು ಸಂದಿಲ್ಲದೆ, ಕೂಸು ಹೀರಿದಂತೆಲ್ಲ ತೊಟ್ಟು ಚಪ್ಪಟೆಯಾಗಿ ಅಂಟಿಕೊಳ್ಳುತ್ತಿದ್ದಿತು. ಬಳೆಯನ್ನು ತುಸುವೇ ಸಡಿಲಿಸಿ ಕೊಟ್ಟೆವು. ಕೂಸು ಇಪ್ಪತ್ತು ನಿಮಿಷದಲ್ಲಿ ಕುಡಿದು ತೃಪ್ತಿಯಿಂದ ನಿದ್ರೆ ಹೋಯಿತು. ಎರಡನೆಯ ನಂಬರೂ ಬೇಕಾಗಲಿಲ್ಲ, ಸೂಜಿಯೂ ಬೇಕಾಗಲಿಲ್ಲ.

ಇದು ಅಲ್ಪವಿಷಯವೆಂದು ತೋರಬಹುದು, ಆದರೆ ಅಲ್ಪವಲ್ಲ. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಎಳೆಯ ಶಿಶುವು ಒಂದೇ ತಾಳದಲ್ಲಿ ನಡೆಯಿಸಬೇಕು. ಹಾಲು ಅತಿವೇಗವಾಗಿ ಬಂದರೆ ತಾಳ ತಪ್ಪಿ ಹಾಲು ಶ್ವಾಸನಾಳದ ಕಡೆಗೆ ಹೋಗುವ ಭಯವುಂಟು. ಹೊಟ್ಟೆ ತುಂಬಿದ ಅರಿವಾಗುವುದಕ್ಕೆ ಮುಂಚೆಯೇ ಶಿಶುವು ಹೆಚ್ಚಾಗಿ ಕುಡಿದುಬಿಡುವುದೂ ಉಂಟು. ಅತಿನಿಧಾನವಾಗಿ ಬಂದರೆ ದಣಿದು ಅರೆಹೊಟ್ಟೆಯಲ್ಲಿಯೇ ನಿದ್ರೆ ಹೋಗುವುದು. ಇದು ದಿನವೂ ನಡೆದರೆ ತೂಕವು ಸರಿಯಾಗಿ ಏರದು.

ಪೆಟ್ಟಿಗೆಯ ಮೇಲಿನ ನಂಬರನ್ನೂ ತಿಂಗಳ ಲೆಕ್ಕವನ್ನೂ ಅನುಸರಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಈ ನಂಬರುಗಳಿಗೆ ಎಲ್ಲ ತಯಾರಕರಿಗೂ ಸಮಾನವಾದ ಅಳತೆಯೆಂಬುದಿಲ್ಲ. ಒಬ್ಬರು ‘ನಿಧಾನ’ವೆಂದು ಮಾರುವ ತೊಟ್ಟು ಮತ್ತೊಬ್ಬರ ‘ಮಧ್ಯಮ’ಕ್ಕಿಂತ ವೇಗವಾಗಿ ಹಾಲನ್ನು ಬಿಡಬಹುದು. ತಿಂಗಳ ಲೆಕ್ಕವಾದರೋ ಕೇವಲ ಅಂದಾಜು. ಸೀಸೆಯನ್ನು ಬಿಡುವವರೆಗೂ ಮೊದಲನೆಯ ತೊಟ್ಟಿನಲ್ಲಿಯೇ ಸುಖವಾಗಿ ಕುಡಿಯುವ ಶಿಶುಗಳು ಎಷ್ಟೋ ಇವೆ. ಮೊಲೆಹಾಲನ್ನೂ ಕುಡಿಯುತ್ತಿರುವ ಶಿಶುವಿಗೆ ನಿಧಾನವಾದ ತೊಟ್ಟೇ ಮೇಲು. ಸೀಸೆಯ ಸುಲಭಕ್ಕೆ ಒಗ್ಗಿಹೋದರೆ ಅದು ತಾಯಿಯ ಮೊಲೆಯಲ್ಲಿ ಶ್ರಮಪಡಲು ಒಪ್ಪದಿರಬಹುದು.

ಆದುದರಿಂದ ನೋಡತಕ್ಕದ್ದು ಶಿಶುವಿನ ಮುಖವನ್ನು. ಒಂದು ಸಲದ ಹಾಲಿಗೆ ಸಾಧಾರಣವಾಗಿ ೧೫ ರಿಂದ ೩೦ ನಿಮಿಷ ಹಿಡಿಯುವುದು. ದಿನವೂ ಅರ್ಧ ಗಂಟೆಗಿಂತ ಹೆಚ್ಚಾಗುತ್ತಿದ್ದರೆ, ಕೆನ್ನೆ ಗುಳಿಬೀಳುವಂತೆ ಹೀರಿದರೂ ನುಂಗುವುದು ಅಪರೂಪವಾಗಿದ್ದರೆ, ಶಿಶುವು ತೊಟ್ಟನ್ನು ಕಚ್ಚಿ ಎಳೆದು ಸಿಡಿಮಿಡಿಗೊಳ್ಳುತ್ತಿದ್ದರೆ, ಹಾಲು ಉಳಿದಿರುವಾಗಲೇ ನಿದ್ರೆ ಹೋಗಿ ಸ್ವಲ್ಪ ಹೊತ್ತಿನಲ್ಲಿಯೇ ಹಸಿದು ಏಳುತ್ತಿದ್ದರೆ, ಹಾಲಿನ ವೇಗ ಸಾಲದೆಂದು ಊಹಿಸಬಹುದು. ಇದಕ್ಕೆ ವಿರುದ್ಧವಾಗಿ, ಬಾಯಿಯ ಅಂಚಿನಿಂದ ಹಾಲು ಸುರಿಯುವುದು, ಗಟಗಟನೆ ನುಂಗುವುದು, ಕೆಮ್ಮುವುದು, ಕಣ್ಣುಗಳನ್ನು ಅಗಲಿಸಿ ಬೆರಳುಗಳನ್ನು ಚಾಚುವುದು, ಮುಖವನ್ನು ತಿರುಗಿಸುವುದು, ಐದಾರು ನಿಮಿಷದಲ್ಲಿಯೇ ಸೀಸೆಯು ಬರಿದಾಗುವುದು, ಇವು ವೇಗವು ಹೆಚ್ಚಾಗಿದೆಯೆಂಬುದರ ಗುರುತುಗಳು. ಆಗ ನಿಧಾನವಾದ ತೊಟ್ಟಿಗೆ ಹಿಂದಿರುಗುವುದರಲ್ಲಿ ನಾಚಿಕೆಯೇನೂ ಇಲ್ಲ.

ವೇಗವು ಸಾಲದೆಂದು ತೋರಿದರೂ ಹೊಸ ತೊಟ್ಟನ್ನು ಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ಪರೀಕ್ಷಿಸಿರಿ. ಬಳೆಯು ಅತಿಯಾಗಿ ಬಿಗಿದಿದೆಯೆ? ಪುಡಿಯ ಗಂಟು ತೂತಿಗೆ ಅಡ್ಡವಾಗಿದೆಯೆ? ಪುಡಿಯನ್ನು ಅಳತೆ ಮೀರಿ ಹಾಕಿ ಹಾಲು ಮಂದವಾಗಿದೆಯೆ? ಹಾಗೆಂದು ಹೆಚ್ಚು ನೀರು ಬೆರಸಿ ತೆಳುಮಾಡಲೂ ಕೂಡದು. ಡಬ್ಬಿಯಲ್ಲಿ ಹೇಳಿದ ಅಳತೆಯೇ ಸರಿ. ಇವೆಲ್ಲವೂ ನೆಟ್ಟಗಿದ್ದು, ಮೇಲೆ ಹೇಳಿದ ಗುರುತುಗಳು ಎರಡು ಮೂರು ದಿನ ತಪ್ಪದೆ ಕಂಡುಬಂದರೆ ಮಾತ್ರ ಒಂದು ಮೆಟ್ಟಲು ವೇಗವಾದ ತೊಟ್ಟನ್ನು ತರಿಸಿರಿ. ಮೊದಲು ಹಗಲಿನ ಒಂದು ಹೊತ್ತು ಮಾತ್ರ, ಶಿಶುವು ಅತಿಯಾಗಿ ಹಸಿದಿರದಾಗ, ಅದನ್ನು ಕೊಟ್ಟು ನೋಡಿರಿ. ಶಿಶುವಿನ ತಲೆಯನ್ನು ಎತ್ತರಿಸಿ ತೋಳಿನಲ್ಲಿ ಒರಗಿಸಿಕೊಂಡು, ಸೀಸೆಯನ್ನು ಹೆಚ್ಚುಕಡಿಮೆ ಅಡ್ಡಲಾಗಿ ಹಿಡಿದು, ನಡುನಡುವೆ ತಡೆದು ಉಸಿರಿಗೆ ಅವಕಾಶ ಕೊಡಿರಿ. ಸೀಸೆಗೆ ದಿಂಬನ್ನು ಆನಿಸಿ ಶಿಶುವನ್ನು ಒಂಟಿಯಾಗಿ ಬಿಟ್ಟುಹೋಗುವುದು ಎಂದಿಗೂ ಸಲ್ಲದು.

ಕಾಯಿಸಿದ ಸೂಜಿಯ ವಿಷಯದಲ್ಲಿ ನಮ್ಮ ಹಿರಿಯರ ಕ್ಷಮೆ ಬೇಡಿ ಹೇಳುವೆವು: ಆ ಪದ್ಧತಿಯನ್ನು ಬಿಡಬೇಕು. ಸೂಜಿಯು ಮಾಡುವ ತೂತಿಗೆ ಅಳತೆಯಿಲ್ಲ. ಅಲ್ಲಿಂದ ತೊಟ್ಟು ಹರಿದು ಚೂರು ಶಿಶುವಿನ ಗಂಟಲಿಗೆ ಹೋಗಬಹುದು. ರಾಗಿಯ ಸರಿಯನ್ನು ತೆಳ್ಳಗೆ ಕಾಸಿ, ತೂತನ್ನು ಹಿಗ್ಗಿಸಿ ಸೀಸೆಯಲ್ಲಿ ಕುಡಿಸುವುದೂ ತಪ್ಪು. ಸರಿಯು ಆರು ತಿಂಗಳು ತುಂಬಿದ ಮೇಲೆ ಚಮಚದಿಂದ ತಿನ್ನಿಸತಕ್ಕ ಆಹಾರ. ಸೀಳಿದ, ಅಂಟಂಟಾದ, ಉಬ್ಬಿದ ತೊಟ್ಟನ್ನು ತಿಂಗಳ ಲೆಕ್ಕ ನೋಡದೆ ಎಸೆದುಬಿಡಬೇಕು.

ದಿನ ತುಂಬುವ ಮುನ್ನ ಹುಟ್ಟಿದ ಶಿಶುವಿನ ತೊಟ್ಟನ್ನು ವೈದ್ಯರನ್ನು ಕೇಳದೆ ಬದಲಾಯಿಸಲಾಗದು. ಅತಿನಿಧಾನವಾದ ತೊಟ್ಟಿನಲ್ಲಿಯೂ ಪ್ರತಿ ಸಲ ಕೆಮ್ಮುವ, ಹಾಲು ಕುಡಿಯುವಾಗ ಬೆವರುವ ಅಥವಾ ಏದುವ, ತೂಕವೇರದ ಶಿಶುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ತುಟಿ ನೀಲಿಗಟ್ಟಿದರೆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇವು ತೊಟ್ಟಿನಿಂದ ತೀರುವ ತೊಂದರೆಗಳಲ್ಲ.

ಇಷ್ಟು ಬರೆದೆವೆಂದು ನಾವು ಸೀಸೆಯ ಪಕ್ಷಪಾತಿಗಳೆಂದು ಭಾವಿಸಬಾರದು. ಮೊದಲ ಆರು ತಿಂಗಳು ಮೊಲೆಹಾಲಿಗೆ ಸಮನಾದುದು ಬೇರೊಂದಿಲ್ಲ. ನಮ್ಮ ದೇಶದಲ್ಲಿ ೧೯೯೨ ರ ಕಾಯಿದೆಯೂ ೨೦೦೩ ರ ಅದರ ತಿದ್ದುಪಡಿಯೂ ಹಾಲಿನ ಸೀಸೆಯ ಹಾಗೂ ಶಿಶುಹಾಲಿನ ಪುಡಿಯ ಜಾಹೀರಾತನ್ನು ನಿಷೇಧಿಸಿರುವುದು ಈ ಕಾರಣದಿಂದಲೇ. ಮೇಲುಹಾಲು ಅನಿವಾರ್ಯವಾದಾಗಲೂ ನಮ್ಮ ಅಜ್ಜಿಯರ ಒಳಲೆಯೋ ಸಣ್ಣ ಬಟ್ಟಲೋ ತೊಳೆಯಲು ಸುಲಭ, ಸೋಂಕಿನ ಭಯವೂ ಕಡಿಮೆ. ಆದರೆ ಸೀಸೆಯಿಲ್ಲದೆ ನಡೆಯದ ಮನೆಗಳೂ ಇವೆ. ಅಂತಹ ತಾಯಂದಿರನ್ನು ಹಳಿಯುವುದರಿಂದ ಶಿಶುವಿಗೇನೂ ಲಾಭವಿಲ್ಲ. ಅವರಿಗೆ ನಮ್ಮ ಮಾತಿಷ್ಟೆ: ಹಾಲು ಕೊಡುವಾಗ ಬೇರೆ ಕೆಲಸವನ್ನು ಬದಿಗಿಟ್ಟು ಶಿಶುವಿನ ಮುಖವನ್ನು ನೋಡುತ್ತ ಕುಳಿತಿರಿ. ತೊಟ್ಟನ್ನು ಬದಲಾಯಿಸುವ ಕಾಲವು ಬಂದಿದ್ದರೆ ಅದೇ ನಿಮಗೆ ತಿಳಿಸುವುದು.