ವ್ಯಾಪಾರವೂ ಒಂದು ವ್ರತ

1891ರ ಜುಲೈ. ಬ್ಯಾರಿಸ್ಟರ್ ಆಗಿ ಇಂಗ್ಲೆಂಡಿನಿಂದ ಮರಳಿದ 21ರ ತರುಣ ಮೋಹನದಾಸ ಗಾಂಧಿ ಮುಂಬಯಿಯಲ್ಲಿ ಹಡಗಿನಿಂದ ಇಳಿದರು. ಡಾ. ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ಅವರಿಗೆ ಅಪರಿಚಿತ ಜೈನ ತರುಣನೊಬ್ಬನ ಭೇಟಿಯಾಯಿತು. ಆತ ಮುತ್ತು, ವಜ್ರಗಳ ವ್ಯಾಪಾರಿ, ವಯಸ್ಸು 23. ಅವರೇ ಶ್ರೀಮದ್ ರಾಜಚಂದ್ರ.

ಗಾಂಧೀಜಿ ತಮಗೆ ಗೊತ್ತಿದ್ದ ಐರೋಪ್ಯ ಭಾಷೆಗಳ ಪದಗಳನ್ನೆಲ್ಲ ಹೇಳಿ ಅವರ ಸ್ಮರಣಶಕ್ತಿಯನ್ನು ಪರೀಕ್ಷಿಸಿದರು. ರಾಜಚಂದ್ರರು ಅವನ್ನು ಅದೇ ಕ್ರಮದಲ್ಲಿ ಒಪ್ಪಿಸಿದರು. ಆದರೆ ಗಾಂಧೀಜಿಯ ಮನಸ್ಸನ್ನು ಗೆದ್ದದ್ದು ಆ ಅವಧಾನವಲ್ಲ. ರಾಜಚಂದ್ರರು ಕುಳಿತಲ್ಲಿ ಧರ್ಮಗ್ರಂಥವೊಂದು ಮತ್ತು ದಿನಚರಿ ಸದಾ ಇರುತ್ತಿದ್ದವು. ಲಕ್ಷಾಂತರ ರೂಪಾಯಿಗಳ ವಹಿವಾಟು ಮುಗಿದ ಮರುಕ್ಷಣವೇ ಅವರು ಆತ್ಮಚಿಂತನೆಗೆ ಮರಳುತ್ತಿದ್ದರು. ಧರ್ಮ ಬೇರೆ, ವ್ಯವಹಾರ ಬೇರೆ ಎಂಬ ನಂಬಿಕೆಯನ್ನು ಅವರ ಬದುಕೇ ಸುಳ್ಳಾಗಿಸಿತ್ತು.

ಇದು ಒಬ್ಬ ಮಹಾತ್ಮರ ವೈಶಿಷ್ಟ್ಯವಷ್ಟೇ ಅಲ್ಲ, ಶ್ರಾವಕನಿಗೆ ವಿಧಿಸಿದ ದಾರಿಯೂ ಹೌದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಳವಿಗೆ ಪ್ರೇರಣೆ, ಕದ್ದ ಮಾಲಿನ ಖರೀದಿ, ರಾಜ್ಯದ ನಿಯಮದ ಉಲ್ಲಂಘನೆ, ತೂಕ ಅಳತೆಗಳಲ್ಲಿ ಮೋಸ, ಅಸಲಿಯೊಂದಿಗೆ ನಕಲಿಯ ಬೆರಕೆ. ಇವು ಅರಣ್ಯದ ತಪಸ್ವಿಗೆ ಹೇಳಿದ ಮಾತುಗಳಲ್ಲ. ತಕ್ಕಡಿ ಹಿಡಿದವನಿಗೆ ಹೇಳಿದವು.

ಮಂಡ್ಯ ಸೀಮೆಯಲ್ಲಿ ಈ ಸೂತ್ರಕ್ಕೆ ವ್ಯಾಖ್ಯಾನ ಹುಡುಕುವ ಅಗತ್ಯವಿಲ್ಲ. ಆಲೆಮನೆಯ ಬೆಲ್ಲಕ್ಕೆ ಸಕ್ಕರೆ ಬೆರೆಸಿ, ಬಣ್ಣ ಬಿಳುಪಾಗಲೆಂದು ರಾಸಾಯನಿಕ ಸುರಿದರೆ ಅದೇ ನಕಲಿಯ ಬೆರಕೆ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಬಂದ ಕಾಯಿ ಯಾರ ತೋಟದ್ದೆಂದು ತಿಳಿದೂ ಅಗ್ಗಕ್ಕೆ ಕೊಂಡರೆ ಅದೇ ಕದ್ದ ಮಾಲಿನ ಖರೀದಿ. ಮಳವಳ್ಳಿಯ ರೈತ ತಿಂಗಳು ಕಾಲ ನಿದ್ದೆಗೆಟ್ಟು ಬೆಳೆದ ರೇಷ್ಮೆಗೂಡನ್ನು ತೂಗುವಾಗ ಮುಳ್ಳು ಸರಿಸಿದರೆ, ಕದ್ದದ್ದು ಗೂಡನ್ನಲ್ಲ, ಆ ನಿದ್ದೆಯನ್ನು.

‘ಗಿರಾಕಿಯೇ ಬಿಳಿ ಬೆಲ್ಲ ಕೇಳುತ್ತಾನೆ, ಕಪ್ಪು ಬೆಲ್ಲ ಇಟ್ಟವನಿಗೆ ನಷ್ಟ’ ಎಂಬ ವ್ಯಾಪಾರಿಯ ಅಳಲು ಸುಳ್ಳಲ್ಲ. ಪ್ರಾಮಾಣಿಕನು ತತ್ಕಾಲಕ್ಕೆ ಸೋಲುವುದುಂಟು. ಆದ್ದರಿಂದಲೇ ಇದಕ್ಕೆ ವ್ರತವೆಂಬ ಹೆಸರು. ಲಾಭವಿದ್ದಾಗ ಮಾತ್ರ ಪಾಲಿಸುವುದು ಲೆಕ್ಕಾಚಾರವಾದೀತು, ವ್ರತವಾಗದು. ಬಣ್ಣಕ್ಕೆ ಮರುಳಾಗುವ ಕೊಳ್ಳುಗನೂ ಆ ಬೆರಕೆಯಲ್ಲಿ ಪಾಲುದಾರನೇ. ಅಚ್ಚು ಬೆಲ್ಲದ ಕಂದು ಬಣ್ಣವನ್ನು ಒಪ್ಪಿಕೊಳ್ಳುವುದೂ ಒಂದು ಧರ್ಮಾಚರಣೆ.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಗೊಮ್ಮಟನು ಏನನ್ನೂ ಹೊದೆಯದೆ, ಏನನ್ನೂ ಹಿಡಿಯದೆ ನಿಂತಿದ್ದಾನೆ. ಗೃಹಸ್ಥನು ಅವನಂತೆ ಎಲ್ಲವನ್ನೂ ತೊರೆಯಲಾರ. ತನ್ನದಲ್ಲದ್ದನ್ನು ಮುಟ್ಟದಿರಬಲ್ಲ. ಅಣುವ್ರತ ಕೇಳುವುದು ಅಷ್ಟನ್ನೇ.

ಗಾಂಧೀಜಿ ಕೊನೆಯವರೆಗೂ ನೆನೆದದ್ದು ಆ ವ್ಯಾಪಾರಿಯ ಸಂಪತ್ತನ್ನಲ್ಲ, ನಡತೆಯನ್ನು. ನಾಳೆ ಅಂಗಡಿಯ ಮೆಟ್ಟಿಲು ಹತ್ತುವ ಅಪರಿಚಿತನು ಯಾರೋ, ಮುಂದೆ ಏನಾಗುವನೋ ಬಲ್ಲವರಿಲ್ಲ. ಅವನು ಕೊಂಡೊಯ್ಯುವುದು ಬೆಲ್ಲವನ್ನಷ್ಟೇ ಅಲ್ಲ. ತಕ್ಕಡಿಯ ಹಿಂದೆ ಕುಳಿತವನ ಧರ್ಮವನ್ನೂ.