ಲೆಕ್ಕಕ್ಕೆ ಮುನ್ನ ಕೋಷ್ಟಕ

ನಮ್ಮ ನಾಡಿನಲ್ಲಿ ಹೊಲ, ಗದ್ದೆ, ತೋಟಗಳಿಗೂ ಒಂದು ಜಾತಕವುಂಟು. ಅದೇ ಪಹಣಿ. ಸರ್ವೆ ನಂಬರು, ವಿಸ್ತೀರ್ಣ, ಕಂದಾಯ, ಮಣ್ಣಿನ ಬಗೆ, ಒಡೆಯನ ಹೆಸರು, ಋಣಭಾರ, ಬೆಳೆ ಇವೆಲ್ಲ ಅದರ ಕಲಮುಗಳಲ್ಲಿ ಅಡಕವಾಗಿರುತ್ತವೆ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಈ ದಾಖಲೆಗಳು ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿದವು. ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಹೀಗೆ ಕೋಷ್ಟಕಗಳಾದವು. ಮಾಹಿತಿಯನ್ನೆಲ್ಲ ಅಡ್ಡಸಾಲು, ಕಂಬಸಾಲುಗಳ ಕೋಷ್ಟಕಗಳಲ್ಲಿ ಇರಿಸಬಹುದೆಂದು ಎಡ್ಗರ್ ಕಾಡ್ ಎಂಬ ವಿದ್ವಾಂಸನು 1970ರಲ್ಲಿ ತೋರಿಸಿದ್ದನು. ಗ್ರಾಮಲೆಕ್ಕಿಗರು ಅದಕ್ಕೂ ಮೊದಲಿನಿಂದ ಗೀಟೆಳೆದು ಮಾಡುತ್ತಿದ್ದುದೂ ಬಹುಮಟ್ಟಿಗೆ ಅದನ್ನೇ ಎನ್ನಬೇಕು.

ದಾಖಲೆ ಯಂತ್ರದೊಳಗೆ ಬಂದ ಮೇಲೆ, ದಿನಗಟ್ಟಲೆ ಹಿಡಿಯುವ ಲೆಕ್ಕವನ್ನು ಕ್ಷಣದಲ್ಲಿ ಮಾಡುವ ಆದೇಶಮಾಲೆಗಳನ್ನು ಬರೆಯುವವರೂ ಹುಟ್ಟಿಕೊಂಡರು. ಇದು ಸಂತೋಷದ ವಿಷಯವೇ. ಆದರೆ ಕೋಷ್ಟಕದ ಕಟ್ಟೋಣವನ್ನು ನೋಡದೆ ಆದೇಶ ಬರೆಯಲು ಕುಳಿತುಕೊಳ್ಳುವ ಅಭ್ಯಾಸವನ್ನು ನಾನು ಒಪ್ಪಲಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ತುರುವೇಕೆರೆ ತಾಲ್ಲೂಕಿನ ಸಂಪಿಗೆಯನ್ನು ತೆಗೆದುಕೊಳ್ಳೋಣ. ಇದು ತೆಂಗಿನ ಸೀಮೆ. ಕೊಬ್ಬರಿಯ ಮಾರುಕಟ್ಟೆ ತಿಪಟೂರಿನಲ್ಲಿದೆ. ಊರಿನ ತೋಟಗಳ ಕೋಷ್ಟಕವೊಂದನ್ನು ಒಬ್ಬ ಯುವಕನ ಕೈಗಿತ್ತು, ಯಾರು ಯಾರು ಎಷ್ಟೆಷ್ಟು ಕೊಬ್ಬರಿಯನ್ನು ಬೆಂಬಲ ಬೆಲೆಗೆ ಮಾರಬಹುದೆಂದು ಲೆಕ್ಕಹಾಕಲು ಹೇಳಿದರೆಂದು ಭಾವಿಸಿ. ಒಬ್ಬ ರೈತನಿಗೆ ಎರಡು ಕಡೆ ಇಪ್ಪತ್ತೈದು ಇಪ್ಪತ್ತೈದು ಗುಂಟೆ ತೋಟವಿದೆ. ಎಕರೆ, ಗುಂಟೆಗಳ ನಡುವೆ ಚುಕ್ಕೆಯಿಟ್ಟು ಬರೆಯುವುದು ನಮ್ಮ ರೂಢಿ. ಆದ್ದರಿಂದ ಕೋಷ್ಟಕದಲ್ಲಿ 0.25 ಎಂದು ಎರಡು ಸಾಲುಗಳಿವೆ. ಯಂತ್ರ ಅವನ್ನು ಕೂಡಿಸಿ 0.50 ಎನ್ನುತ್ತದೆ, ಅದನ್ನು ಅರ್ಧ ಎಕರೆ ಎಂದೇ ಎಣಿಸುತ್ತದೆ. ಎಕರೆಗೆ ನಲವತ್ತು ಗುಂಟೆಯೆಂಬುದನ್ನು ಅದಕ್ಕೆ ಯಾರೂ ಹೇಳಿಲ್ಲ. ನಿಜವಾಗಿ ಐವತ್ತು ಗುಂಟೆಯೆಂದರೆ ಒಂದೂಕಾಲು ಎಕರೆ. ಮೂವತ್ತು ಗುಂಟೆ ತೋಟ ಕಾಗದದ ಮೇಲೆ ಮಾಯವಾಯಿತು. ಮೂವತ್ತು ಅಡಿಗೊಂದು ಸಸಿಯಂತೆ ನೆಟ್ಟಿದ್ದರೆ ಅಷ್ಟು ನೆಲದಲ್ಲಿ ಮೂವತ್ತಾರು ಮರಗಳಿರುತ್ತವೆ. ಎಕರೆಗೆ ಆರು ಕ್ವಿಂಟಲ್ ಎಂದು ಹಿಡಿದರೆ ಆ ರೈತನಿಗೆ ನಾಲ್ಕೂವರೆ ಕ್ವಿಂಟಲಿನ ಅವಕಾಶ ತಪ್ಪಿತು. 2024ರ ಹಂಗಾಮಿನ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ದರದಲ್ಲಿ ಇದು 54,000 ರೂಪಾಯಿಗಳ ಮಾತು.

ತಪ್ಪಾದರೆ ಯಂತ್ರವೇ ತೋರಿಸಿಕೊಡುತ್ತದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಆದೇಶದ ವ್ಯಾಕರಣ ತಪ್ಪಿದರೆ ಅದು ತೋರಿಸೀತು. ಅರ್ಥ ತಪ್ಪಿದರೆ ಮಾತೇ ಆಡದು. ಸರ್ವೆ ನಂಬರನ್ನೇ ನೋಡಿ. 5/2 ಎಂದು ಬರೆದರೆ ಲೆಕ್ಕದ ಹಾಳೆಯ ತಂತ್ರಾಂಶ ಅದನ್ನು ದಿನಾಂಕವೆಂದು ಬಗೆದು ಫೆಬ್ರವರಿ ಐದು ಮಾಡಿಬಿಡಬಹುದು. ಇದು ನಮ್ಮ ಹಳ್ಳಿಯ ಪಾಡಷ್ಟೇ ಅಲ್ಲ. ವಂಶವಾಹಿಗಳಿಗೆ ವಿಜ್ಞಾನಿಗಳು ಕೊಟ್ಟಿದ್ದ ‘ಮಾರ್ಚ್ 1’, ‘ಸೆಪ್ಟ್ 1’ ಮೊದಲಾದ ಗುರುತುಗಳನ್ನು ತಂತ್ರಾಂಶ ತಾರೀಖುಗಳಾಗಿ ಮಾರ್ಪಡಿಸುತ್ತಿದ್ದುದರಿಂದ, 2020ರ ವೇಳೆಗೆ ಆ ಹೆಸರುಗಳನ್ನೇ ಬದಲಾಯಿಸಬೇಕಾಯಿತು. ಯಂತ್ರ ತಿದ್ದಿಕೊಳ್ಳಲಿಲ್ಲ, ವಿಜ್ಞಾನವೇ ಹೆಸರು ತಿದ್ದಿಕೊಂಡಿತು!

ಜಂಟಿ ಖಾತೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಮೂವರು ಅಣ್ಣತಮ್ಮಂದಿರಿಗೆ ಸೇರಿದ ಮೂರು ಎಕರೆ ಒಂದು ಕೋಷ್ಟಕದಲ್ಲಿದೆ, ಅವರ ಹೆಸರುಗಳು ಇನ್ನೊಂದರಲ್ಲಿವೆ. ಎರಡನ್ನೂ ಜೋಡಿಸಿದೊಡನೆ ಪ್ರತಿಯೊಬ್ಬನ ಹೆಸರಿನ ಎದುರಿಗೂ ಮೂರು ಎಕರೆ ಬಂದು ಕೂರುತ್ತದೆ. ಕೂಡಿಸಿದರೆ ಒಂಬತ್ತು! ಒಂದು ಸಾಲು ಏನನ್ನು ಸೂಚಿಸುತ್ತದೆ, ಜಮೀನನ್ನೋ ಮನುಷ್ಯನನ್ನೋ ಎಂದು ಮೊದಲೇ ಕೇಳಿಕೊಂಡಿದ್ದರೆ ಈ ಪವಾಡ ನಡೆಯುತ್ತಿರಲಿಲ್ಲ.

ಕೋಷ್ಟಕದ ರಚನೆಯನ್ನು ತಿಳಿಯುವುದೇನೂ ಕಷ್ಟವಲ್ಲ. ಯಾವ ಕಲಮುಗಳಿವೆ, ಒಂದೊಂದರಲ್ಲಿ ಅಂಕಿಯೇ ಅಕ್ಷರವೇ, ಖಾಲಿ ಬಿಡಲು ಅಪ್ಪಣೆಯುಂಟೇ, ಯಾವ ಕಲಮು ಒಂದು ಸಾಲನ್ನು ಮತ್ತೊಂದರಿಂದ ಬೇರೆಯೆಂದು ಗುರುತಿಸುತ್ತದೆ ಎಂದು ಕೇಳಿದರೆ ಗಣಕಯಂತ್ರವೇ ಹೇಳುತ್ತದೆ. ಆಮೇಲೆ ಹತ್ತಿಪ್ಪತ್ತು ಸಾಲುಗಳನ್ನು ಕಣ್ಣಾರೆ ನೋಡಬೇಕು. ಎಷ್ಟು ಮನೆಗಳು ಖಾಲಿಯಾಗಿವೆಯೆಂದು ಎಣಿಸಬೇಕು. ಸೊನ್ನೆ ಬೇರೆ, ಖಾಲಿ ಬೇರೆ: ತೆಂಗಿನ ಮರಗಳು ಸೊನ್ನೆ ಎಂದರೆ ಯಾರೋ ಹೋಗಿ ನೋಡಿ ಇಲ್ಲವೆಂದು ಬರೆದಿದ್ದಾರೆ, ಖಾಲಿ ಎಂದರೆ ಯಾರೂ ಬರೆದೇ ಇಲ್ಲ. ಇದಕ್ಕೆ ಅರ್ಧ ದಿನ ಹಿಡಿದರೆ ಅದನ್ನು ಸೋಮಾರಿತನವೆನ್ನಬಾರದು. ಮೊದಲ ಆದೇಶ ಓದುವುದಕ್ಕೆ ಮಾತ್ರವಿರಲಿ, ತಿದ್ದುವುದಕ್ಕಲ್ಲ. ಹತ್ತು ರೈತರ ಲೆಕ್ಕವನ್ನು ಕೈಯಿಂದಲೇ ಮಾಡಿ, ಯಂತ್ರದ ಉತ್ತರದೊಡನೆ ಹೋಲಿಸಿ ನೋಡುವುದೂ ಅವಶ್ಯಕ.

ಇಷ್ಟಾದರೂ ಒಂದು ಸಂಗತಿ ಯಂತ್ರದಲ್ಲಿ ಸಿಗುವುದಿಲ್ಲ. ಕಲಮಿನ ಹೆಸರು ‘ವಿಸ್ತೀರ್ಣ’ ಎಂದಿದ್ದರೆ, ಅದು ಖರಾಬು ಸೇರಿದ ಅಳತೆಯೋ ಖರಾಬನ್ನು ಕಳೆದುದೋ? ‘ಹೆಸರು’ ಎಂದಿದ್ದರೆ ಒಡೆಯನದೋ ಸಾಗುವಳಿ ಮಾಡುವವನದೋ? ಇದನ್ನು ತಿಳಿಯಲು ಕುರ್ಚಿಯಿಂದೆದ್ದು ದಾಖಲೆ ಬರೆದವರ ಬಳಿಗೆ ಹೋಗಬೇಕು. ಬೆಳೆಯ ಕಲಮಿನಲ್ಲಿ ಎಳೆದ ಒಂದು ಗೀಟಿಗೆ ‘ಬೆಳೆಯಿಲ್ಲ’ ಎಂದು ಅರ್ಥವೋ, ‘ಇನ್ನೂ ನೋಡಿಲ್ಲ’ ಎಂದು ಅರ್ಥವೋ, ಆ ಗೀಟು ಎಳೆದವರಿಗೇ ಗೊತ್ತು.