ಬಾಬೂಜಿ: ಮೂರು ದಶಕಗಳ ಮಂತ್ರಿಗಿರಿಯ ಲೆಕ್ಕ

1946ರ ಸೆಪ್ಟೆಂಬರ್ 2ರಂದು ನೆಹರೂ ನೇತೃತ್ವದ ಮಧ್ಯಂತರ ಸರ್ಕಾರ ಪ್ರಮಾಣವಚನ ಸ್ವೀಕರಿಸಿದಾಗ ಅದರ ಅತಿ ಕಿರಿಯ ಸದಸ್ಯರಿಗೆ 38 ವರ್ಷ. 1979ರ ಜುಲೈನಲ್ಲಿ ಮೊರಾರ್ಜಿ ಸರ್ಕಾರ ಬಿದ್ದಾಗ ಅದೇ ವ್ಯಕ್ತಿ ದೇಶದ ಉಪಪ್ರಧಾನಿ. ಕಾಮರಾಜ್ ಯೋಜನೆಯ ನೆಪದಲ್ಲಿ ಹೊರಗೆ ಕುಳಿತ ಎರಡೂವರೆ ವರ್ಷ ಬಿಟ್ಟರೆ ಬಾಬು ಜಗಜೀವನ ರಾಂ ಈ ಮೂವತ್ತಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಸದಾ ಕೇಂದ್ರ ಸಂಪುಟದಲ್ಲೇ ಇದ್ದರು. ಕಾರ್ಮಿಕ, ಸಂಪರ್ಕ, ರೈಲ್ವೆ, ಸಾರಿಗೆ, ಆಹಾರ, ಕೃಷಿ, ನೀರಾವರಿ, ರಕ್ಷಣೆ ಎಂದು ಅವರು ಹಿಡಿದ ಖಾತೆಗಳನ್ನು ಎಣಿಸುತ್ತ ಹೋದರೆ ಸ್ವತಂತ್ರ ಭಾರತದ ಆಡಳಿತದ ಅರ್ಧ ಚರಿತ್ರೆಯೇ ಕಣ್ಣ ಮುಂದೆ ಬರುತ್ತದೆ. ಅಷ್ಟು ಕಾಲ ಸಂಪುಟ ದರ್ಜೆಯಲ್ಲಿದ್ದವರು ಇನ್ನೊಬ್ಬರಿಲ್ಲ. ಆದರೂ ನಮ್ಮಲ್ಲಿ ಏಪ್ರಿಲ್ 5 ಬಂದಾಗ ಸರ್ಕಾರಿ ಕಚೇರಿಗಳಲ್ಲಿ ಪಟಕ್ಕೆ ಹಾರ ಹಾಕಿ, ‘ಹಸಿರು ಕ್ರಾಂತಿಯ ಹರಿಕಾರ’ ಎಂಬ ಬಿರುದೊಂದನ್ನು ಉಚ್ಚರಿಸಿ, ಒಂಬತ್ತು ದಿನ ಬಿಟ್ಟು ಬರುವ ಅಂಬೇಡ್ಕರ್ ಜಯಂತಿಯ ಸಿದ್ಧತೆಗೆ ತಿರುಗುತ್ತೇವೆ. ಅವರು ತೀರಿಕೊಂಡು ನಾಲ್ಕು ದಶಕಗಳಾಗುತ್ತಿರುವಾಗ, ಆ ಬಿರುದಿನಾಚೆಗೆ ಅವರ ಬದುಕಿನ ಜಮಾಖರ್ಚನ್ನು ಒಮ್ಮೆ ನೋಡಬೇಕು.

ಬಿಹಾರದ ಅಂದಿನ ಶಹಾಬಾದ್ ಜಿಲ್ಲೆಯ ಚಂದವಾ ಅವರ ಹುಟ್ಟೂರು, ಚಮ್ಮಾರರ ಮನೆ. ತಂದೆ ಸೋಭಿ ರಾಂ ಬ್ರಿಟಿಷರ ಸೇನೆಯಲ್ಲಿದ್ದು, ಅದನ್ನು ಬಿಟ್ಟು ಬಂದು ಶಿವನಾರಾಯಣಿ ಪಂಥದ ಮಹಾಂತರಾದವರು. ಹೀಗಾಗಿ ಮಗನಿಗೆ ಅಕ್ಷರವೂ ಸ್ವಾಭಿಮಾನವೂ ಮನೆಯಲ್ಲೇ ಸಿಕ್ಕವು. ಆರಾ ಪಟ್ಟಣದ ಶಾಲೆಯಲ್ಲಿ ಆ ಕಾಲದ ರೂಢಿಯಂತೆ ಹಿಂದೂಗಳಿಗೊಂದು, ಮುಸ್ಲಿಮರಿಗೊಂದು ನೀರಿನ ಮಡಕೆ ಇದ್ದವು. ಈ ಹುಡುಗ ಹಿಂದೂ ಮಡಕೆಯ ನೀರು ಕುಡಿದನೆಂದು ದೂರು ಹೋಯಿತು, ಅಸ್ಪೃಶ್ಯರಿಗಾಗಿ ಮೂರನೆಯ ಮಡಕೆ ಬಂತು. ಹುಡುಗ ಅದನ್ನು ಒಡೆದ. ಮತ್ತೊಂದು ತಂದಿಟ್ಟರು, ಅದನ್ನೂ ಒಡೆದ. ಕೊನೆಗೆ ಮುಖ್ಯೋಪಾಧ್ಯಾಯರೇ ಪ್ರತ್ಯೇಕ ಮಡಕೆಯ ಯೋಚನೆ ಕೈಬಿಟ್ಟರು. ಮದನ ಮೋಹನ ಮಾಳವೀಯರ ಆಹ್ವಾನದ ಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿಯೂ ಊಟದ ಪಂಕ್ತಿಯಲ್ಲಿ ಅವಮಾನ, ಕ್ಷೌರಿಕನ ನಿರಾಕರಣೆ. ಪದವಿಯನ್ನು ಕಲ್ಕತ್ತದಲ್ಲಿ ಪಡೆದರು. ಮಡಕೆ ಒಡೆದ ಈ ಹುಡುಗ ಮುಂದೆ ಅಷ್ಟೊಂದು ತಾಳ್ಮೆಯ, ಅಳೆದು ತೂಗಿ ಮಾತಾಡುವ ರಾಜಕಾರಣಿಯಾದದ್ದು ಹೇಗೆ ಎಂಬುದು ಅವರನ್ನು ಬಲ್ಲವರಿಗೂ ಪೂರ್ತಿ ಬಿಡಿಸಲಾಗದ ಒಗಟು.

1935ರಲ್ಲಿ ಅಖಿಲ ಭಾರತ ದಲಿತ ವರ್ಗಗಳ ಲೀಗ್ ಕಟ್ಟುವುದರಲ್ಲಿ ಮುಂದಾಳಾದರು, ಮರುವರ್ಷವೇ ಬಿಹಾರದ ವಿಧಾನ ಪರಿಷತ್ತಿಗೆ ಬಂದರು. ನಲವತ್ತರ ದಶಕದಲ್ಲಿ ಎರಡು ಸಲ ಸೆರೆಮನೆ ಕಂಡರು. ಕಾಂಗ್ರೆಸ್ಸಿಗೆ ಆಗ ಅಂಬೇಡ್ಕರರಿಗೆ ಎದುರಾಗಿ ನಿಲ್ಲಿಸಲು ಒಬ್ಬ ದಲಿತ ನಾಯಕ ಬೇಕಿತ್ತು ಎಂಬ ಮಾತು ಅಂದಿನಿಂದ ಇಂದಿನವರೆಗೂ ಅವರ ಬೆನ್ನು ಬಿಟ್ಟಿಲ್ಲ. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ನಾಲ್ಕು ವರ್ಷ ಅಂಬೇಡ್ಕರ್ ನೋಡಿಕೊಂಡಿದ್ದ ಕಾರ್ಮಿಕ ಖಾತೆಯೇ ಮಧ್ಯಂತರ ಸರ್ಕಾರದಲ್ಲಿ ಇವರ ಪಾಲಿಗೆ ಬಂತು. ಅಂಬೇಡ್ಕರ್ ಕಾಲದಲ್ಲಿ ಬುನಾದಿ ಬಿದ್ದ ಎಷ್ಟೋ ಕೆಲಸ ಇವರ ಕಾಲದಲ್ಲಿ ಶಾಸನವಾಯಿತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, ಅದೇ ವರ್ಷದ ಕಾರ್ಖಾನೆ ಕಾಯ್ದೆ ಮತ್ತು ಇಎಸ್ಐ ಕಾಯ್ದೆ, ಕೊನೆಗೆ ಭವಿಷ್ಯನಿಧಿ. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳು ಇವತ್ತು ಪಿಎಫ್ ಹಣಕ್ಕಾಗಿ ಅರ್ಜಿ ತುಂಬುವಾಗ, ಇಎಸ್ಐ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವಾಗ ಈ ಇಬ್ಬರ ಹೆಸರೂ ಅವಳಿಗೆ ಗೊತ್ತಿರಲಿಕ್ಕಿಲ್ಲ. ಯಾರದು ಹೆಚ್ಚು, ಯಾರದು ಕಡಿಮೆ ಎಂಬ ಜಗಳವನ್ನು ಮಾತ್ರ ನಾವು ವೇದಿಕೆಗಳ ಮೇಲೆ ಬೆಳೆಸಿಕೊಂಡು ಬಂದಿದ್ದೇವೆ.

ಸಂಪರ್ಕ ಸಚಿವರಾಗಿದ್ದಾಗ ವಿಮಾನಯಾನದ ರಾಷ್ಟ್ರೀಕರಣವಾಯಿತು. 1956ರ ಅರಿಯಲೂರು ಅಪಘಾತದ ನಂತರ ಲಾಲ್ ಬಹದ್ದೂರ್ ಶಾಸ್ತ್ರಿ ಕೊಟ್ಟ ರಾಜೀನಾಮೆಯಿಂದ ತೆರವಾದ ರೈಲ್ವೆ ಖಾತೆ ಇವರಿಗೆ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಕೆಲಸ ನಡೆದದ್ದು ಇಲ್ಲಿ, ಭಾಷಣಗಳಲ್ಲಿ ಅದರ ಪ್ರಸ್ತಾಪ ಬರುವುದೇ ಅಪರೂಪ. ನೇಮಕಾತಿಯಲ್ಲಿ ಮೀಸಲಾತಿ ಇತ್ತು, ಬಡ್ತಿಯಲ್ಲಿ ಇರಲಿಲ್ಲ. ಸೇರಿದವನು ಸೇರಿದ ಹುದ್ದೆಯಲ್ಲೇ ನಿವೃತ್ತನಾಗುತ್ತಿದ್ದ. ರೈಲ್ವೆ ಮಂಡಳಿಯ ಸುತ್ತೋಲೆಗಳು ಬಡ್ತಿಗೂ ಮೀಸಲಾತಿಯನ್ನು ವಿಸ್ತರಿಸಿದವು. ದಕ್ಷಿಣ ರೈಲ್ವೆಯ ನೌಕರರೊಬ್ಬರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ರಂಗಾಚಾರಿ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಶಾಸನವಿಲ್ಲ, ಸಂಸತ್ತಿನ ಗದ್ದಲವಿಲ್ಲ, ಕಡತದಲ್ಲೇ ಆದ ಬದಲಾವಣೆ. ಬಾಬೂಜಿ ಕೆಲಸ ಮಾಡುತ್ತಿದ್ದ ಬಗೆಯೇ ಅದು.

1967ರಲ್ಲಿ ಸಿ. ಸುಬ್ರಮಣ್ಯಂ ಚುನಾವಣೆಯಲ್ಲಿ ಸೋತಾಗ ಆಹಾರ ಮತ್ತು ಕೃಷಿ ಖಾತೆ ಇವರ ಕೈಗೆ ಬಂತು. ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು, ತವರು ಬಿಹಾರದಲ್ಲೇ ಬರ, ಅಮೆರಿಕದ ಪಿಎಲ್-480 ಗೋಧಿಯ ಹಡಗು ಬಂದರೆ ಊಟ ಎನ್ನುವ ಸ್ಥಿತಿ. ಮೆಕ್ಸಿಕೋದ ಗಿಡ್ಡ ತಳಿಯ 18,000 ಟನ್ ಬೀಜ ತರಿಸುವ ಧೈರ್ಯ ಸುಬ್ರಮಣ್ಯಂ ಅವರದು, ವಿಜ್ಞಾನ ಸ್ವಾಮಿನಾಥನ್ ಮತ್ತು ಅವರ ಸಂಗಡಿಗರದು. ಜಗಜೀವನ ರಾಂ ಬರುವ ಹೊತ್ತಿಗೆ ಬೀಜ ಹೊಲ ಸೇರಿತ್ತು. ಆದರೆ ಗೊಬ್ಬರ, ಸಾಲ, ಖರೀದಿ, ಬೆಂಬಲ ಬೆಲೆ ಇವೆಲ್ಲ ಬಿಗಿಯಾಗಿ ನಡೆಯದಿದ್ದರೆ 1968ರ ಆ ದಾಖಲೆ ಗೋಧಿ ಸುಗ್ಗಿ ಮಂಡಿಯಲ್ಲೇ ಕೊಳೆಯುತ್ತಿತ್ತು. ‘ಹರಿಕಾರ’ ಎನ್ನುವುದಕ್ಕಿಂತ ‘ದಡ ಮುಟ್ಟಿಸಿದವರು’ ಎಂದರೆ ನ್ಯಾಯವಾದೀತು, ಅದೇನೂ ಸಣ್ಣ ಹೊಗಳಿಕೆಯಲ್ಲ. ಲೆಕ್ಕದ ಇನ್ನೊಂದು ಬದಿಯೂ ಇದೆ. ಅದೇ 1968ರ ಡಿಸೆಂಬರ್ 25ರಂದು ತಂಜಾವೂರಿನ ಭತ್ತದ ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಸಿ ಎಂದ ತಪ್ಪಿಗೆ 44 ಮಂದಿ ದಲಿತರನ್ನು ಗುಡಿಸಲಿನಲ್ಲಿ ಕೂಡಿ ಸುಡಲಾಯಿತು. ಕಣಜ ತುಂಬಿಸಿದ ಸಚಿವರ ಜನಕ್ಕೆ ಆ ಕಣಜದಲ್ಲಿ ಪಾಲು ಸಿಗಲಿಲ್ಲ. ಭೂಮಿ ಇದ್ದವರಿಗೆ, ಪಂಪ್‌ಸೆಟ್ ಇದ್ದವರಿಗೆ ಕ್ರಾಂತಿ ಬಂತು, ಉಳಿದವರಿಗೆ ಪಡಿತರ ಚೀಟಿ ಬಂತು.

1969ರ ಜುಲೈ ತಿಂಗಳನ್ನು ಬೆಂಗಳೂರಿಗರು ಮರೆಯಲಾರರು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ, ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು, ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ರಾಷ್ಟ್ರಪತಿ ಹುದ್ದೆಗೆ ಇಂದಿರಾ ಗಾಂಧಿ ಮುಂದಿಟ್ಟ ಹೆಸರು ಜಗಜೀವನ ರಾಂ ಅವರದು. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷದಲ್ಲಿ ದಲಿತರೊಬ್ಬರು ರಾಷ್ಟ್ರಪತಿಯಾಗಲಿ ಎಂಬುದು ಹೊರಗೆ ಆಡಿದ ಕಾರಣ. ಒಳಗೆ ಪಕ್ಷದ ಹಿರಿಯರ ಕೂಟವಾದ ಸಿಂಡಿಕೇಟ್ ಜೊತೆಗಿನ ಬಲಾಬಲದ ಲೆಕ್ಕವೂ ಇತ್ತೆಂಬುದು ಯಾರಿಗೆ ಗೊತ್ತಿರಲಿಲ್ಲ? ಸಂಸದೀಯ ಮಂಡಳಿಯ ಬಹುಮತ ನೀಲಂ ಸಂಜೀವ ರೆಡ್ಡಿಯವರ ಕಡೆ ನಿಂತಿತು. ಮುಂದಿನ ಕಥೆ ಎಲ್ಲರಿಗೂ ಗೊತ್ತು: ‘ಆತ್ಮಸಾಕ್ಷಿ’ಯ ಮತ, ವಿ.ವಿ. ಗಿರಿಯವರ ಗೆಲುವು, ಪಕ್ಷದ ಇಬ್ಭಾಗ. ಇಂದಿರಾ ಬಣದ ಅಧ್ಯಕ್ಷಗಿರಿ ಬಾಬೂಜಿಗೆ ಬಂತು. ಅದೇ ದಿನಗಳಲ್ಲಿ, ಅವರು ಹತ್ತು ವರ್ಷ ಆದಾಯ ತೆರಿಗೆಯ ವಿವರವನ್ನೇ ಸಲ್ಲಿಸಿಲ್ಲವೆಂಬ ಸಂಗತಿಯೂ ಹೊರಬಿತ್ತು. ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕೆಂದು ಪ್ರಧಾನಿಯೇ ಸಮಜಾಯಿಷಿ ಕೊಟ್ಟರು. ಆ ಸಮಜಾಯಿಷಿ ಅವರ ಮಾನ ಉಳಿಸಿತೋ, ಅವರನ್ನು ಋಣದಲ್ಲಿ ಕಟ್ಟಿಹಾಕಿತೋ ಎಂದು ಕೇಳಿದವರು ಆಗಲೂ ಇದ್ದರು.

ರಕ್ಷಣಾ ಸಚಿವರಾಗಿ 1971ರ ಯುದ್ಧವನ್ನು ಅವರು ನಡೆಸಿಕೊಟ್ಟ ರೀತಿಯ ಬಗ್ಗೆ ಎರಡು ಮಾತಿಲ್ಲ. ಸೇನಾಪತಿಗಳಿಗೆ ಕೆಲಸ ಬಿಟ್ಟುಕೊಟ್ಟು, ಸಾಮಗ್ರಿ ಒದಗಿಸಿ, ಕೀರ್ತಿಗೆ ಕೈಚಾಚದೆ ನಿಂತರು. ಢಾಕಾದಲ್ಲಿ 93,000 ಮಂದಿ ಶರಣಾದ ವಿಜಯದ ಫೋಟೋಗಳಲ್ಲಿ ಮಾಣೆಕ್‌ಷಾ ಇದ್ದಾರೆ, ಅರೋರಾ ಇದ್ದಾರೆ, ಇಂದಿರಾ ದುರ್ಗೆಯಾದರು. ರಕ್ಷಣಾ ಸಚಿವರ ಹೆಸರು ಕೇಳಿದರೆ ಇವತ್ತಿನ ಪದವೀಧರರೂ ತಲೆ ಕೆರೆದುಕೊಳ್ಳುತ್ತಾರೆ.

ಇನ್ನು ಖರ್ಚಿನ ಕಲಮಿನ ಅತಿ ದೊಡ್ಡ ಮೊತ್ತಕ್ಕೆ ಬರೋಣ. 1975ರ ಜೂನ್ 12ರ ಅಲಹಾಬಾದ್ ತೀರ್ಪಿನ ನಂತರ, ಇಂದಿರಾ ಕೆಳಗಿಳಿದರೆ ಯಾರು ಎಂಬ ಪ್ರಶ್ನೆಗೆ ಓಡಾಡಿದ ಹೆಸರುಗಳಲ್ಲಿ ಇವರದೂ ಒಂದು. ಜೂನ್ 26ರ ನಸುಕಿನಲ್ಲಿ ಸಂಪುಟವನ್ನು ಕರೆದು, ರಾತ್ರಿಯೇ ಸಹಿಯಾಗಿದ್ದ ತುರ್ತು ಪರಿಸ್ಥಿತಿಯ ಘೋಷಣೆಯನ್ನು ತಿಳಿಸಿದಾಗ ಅಲ್ಲಿದ್ದ ಹಿರಿಯರು ಯಾರೂ ಪ್ರತಿಭಟಿಸಲಿಲ್ಲ. ಇಷ್ಟೇ ಆಗಿದ್ದರೆ ಭಯದ ಮೌನವೆಂದು ಬಿಡಬಹುದಿತ್ತು. ಆದರೆ ಜುಲೈ 21ರಂದು ಲೋಕಸಭೆಯಲ್ಲಿ ಆ ಘೋಷಣೆಗೆ ಅನುಮೋದನೆ ಕೋರುವ ನಿರ್ಣಯವನ್ನು ಮಂಡಿಸಿದವರು ಸ್ವತಃ ಜಗಜೀವನ ರಾಂ. ಆಗ ವಿರೋಧ ಪಕ್ಷದ ಎಷ್ಟೋ ಸದಸ್ಯರು ಜೈಲಿನಲ್ಲಿದ್ದರು, ಅವರಲ್ಲಿ ಕೆಲವರನ್ನು ಇಟ್ಟಿದ್ದು ನಮ್ಮ ಬೆಂಗಳೂರಿನ ಜೈಲಿನಲ್ಲೇ. ಹತ್ತೊಂಬತ್ತು ತಿಂಗಳು ಅವರು ಸಂಪುಟದಲ್ಲೇ ಕುಳಿತರು. ಅವರ ಅಭಿಮಾನಿಗಳು ಈ ಅವಧಿಯನ್ನು ಹಾರಿಸಿ 1977ರ ಫೆಬ್ರವರಿ 2ರ ರಾಜೀನಾಮೆಗೆ ನೇರ ಬರುತ್ತಾರೆ. ಅದು ಸರಿಯಲ್ಲ. ಒಳಗಿದ್ದೇ ಮಾಡುವುದು ಮಾಡಬೇಕು ಎಂಬ ಅವರ ನಲವತ್ತು ವರ್ಷದ ನಂಬಿಕೆ ಎಲ್ಲಿಗೆ ಕೊಂಡೊಯ್ಯಬಹುದು ಎಂಬುದನ್ನು ತೋರಿಸಿದ ಅವಧಿ ಅದು. ರೈಲ್ವೆಯ ಕಡತದಲ್ಲಿ ಅಷ್ಟು ಫಲ ಕೊಟ್ಟ ನಂಬಿಕೆಯೇ ಇಲ್ಲಿ ಅವರ ಕೈಯಿಂದ ಆ ನಿರ್ಣಯ ಮಂಡಿಸಿತು.

ಹಾಗಂತ ಆ ರಾಜೀನಾಮೆಯ ಪೆಟ್ಟು ಸಣ್ಣದಲ್ಲ. ಬಹುಗುಣ, ನಂದಿನಿ ಸತ್ಪಥಿ ಜೊತೆ ಸೇರಿ ಕಟ್ಟಿದ ‘ಕಾಂಗ್ರೆಸ್ ಫಾರ್ ಡೆಮಾಕ್ರಸಿ’ಗೆ ಚುನಾವಣೆ ಮುಗಿದಾಗ 28 ಸ್ಥಾನ, ಆದರೆ ಅದು ಒಡೆದ ಭಯಕ್ಕೆ ಲೆಕ್ಕವಿಲ್ಲ. ದೆಹಲಿಯ ರಾಮಲೀಲಾ ಮೈದಾನದ ಸಭೆಗೆ ಜನ ಹೋಗದಿರಲೆಂದು ಆ ಭಾನುವಾರ ದೂರದರ್ಶನದಲ್ಲಿ ‘ಬಾಬಿ’ ಸಿನಿಮಾ ಹಾಕಿದ್ದು, ಜನ ಸಿನಿಮಾ ಬಿಟ್ಟು ಬಾಬೂಜಿಯನ್ನು ನೋಡಲು ನಡೆದದ್ದು ಹಳಬರ ಹರಟೆಯಲ್ಲಿ ಇನ್ನೂ ಜೀವಂತ. ಜನತಾ ಪಕ್ಷದ ಕೂಟ ಗೆದ್ದ ಮೇಲೆ ಪ್ರಧಾನಿ ಯಾರು ಎಂಬಲ್ಲಿ ಆಸ್ಪತ್ರೆಯಿಂದಲೇ ಚರಣ್ ಸಿಂಗ್ ಕಳಿಸಿದ ಪತ್ರ ತಕ್ಕಡಿಯನ್ನು ಮೊರಾರ್ಜಿ ಕಡೆ ವಾಲಿಸಿತು. ತುರ್ತು ಪರಿಸ್ಥಿತಿಯ ನಿರ್ಣಯ ಮಂಡಿಸಿದವರು ಹೇಗೆ ಪ್ರಧಾನಿಯಾಗುತ್ತಾರೆ ಎಂಬ ವಾದಕ್ಕೆ ಉತ್ತರ ಕೊಡುವುದು ಕಷ್ಟವಿತ್ತು. ಆ ವಾದದ ಹಿಂದೆ ಜಾತಿಯ ಲೆಕ್ಕ ಇರಲೇ ಇಲ್ಲ ಎಂದು ನಂಬುವುದೂ ಕಷ್ಟ. ಮುನಿಸಿಕೊಂಡು, ಕೆಲ ದಿನ ತಡೆದು, ಮತ್ತೆ ರಕ್ಷಣಾ ಖಾತೆ ವಹಿಸಿಕೊಂಡರು. 1978ರ ಆರಂಭದಲ್ಲಿ ಬನಾರಸ್ಸಿನಲ್ಲಿ ಮಾಜಿ ಮುಖ್ಯಮಂತ್ರಿ ಸಂಪೂರ್ಣಾನಂದರ ಪ್ರತಿಮೆ ಅನಾವರಣ ಮಾಡಿ ಹಿಂತಿರುಗಿದ ಮೇಲೆ ಕೆಲವರು ಆ ಪ್ರತಿಮೆಯನ್ನು ಗಂಗಾಜಲದಿಂದ ತೊಳೆದರು. ಮೂರೂ ಸೇನೆಗಳು ಯಾರ ಖಾತೆಯಡಿ ಇದ್ದವೋ ಅವರು ಮುಟ್ಟಿದ ಕಲ್ಲು ಮೈಲಿಗೆ. ಮೂರನೆಯ ಮಡಕೆಯನ್ನು ಶಾಲೆಯಿಂದ ತೆಗೆದು ಅರ್ಧ ಶತಮಾನವಾಗಿತ್ತು.

1979ರಲ್ಲಿ ಮೊರಾರ್ಜಿ ಹೋದರು, ಚರಣ್ ಸಿಂಗ್ ಬಂದು ಲೋಕಸಭೆಗೆ ಮುಖ ತೋರಿಸದೆ ಆಗಸ್ಟ್ 20ರಂದು ರಾಜೀನಾಮೆ ಕೊಟ್ಟರು. ಜನತಾ ಪಕ್ಷದ ನಾಯಕರಾಗಿ ಆಯ್ಕೆಯಾಗಿದ್ದ ಜಗಜೀವನ ರಾಂ ತಮಗೆ ಬಹುಮತವಿದೆ, ಅವಕಾಶ ಕೊಡಿ ಎಂದು ರಾಷ್ಟ್ರಪತಿಗಳ ಮುಂದೆ ನಿಂತರು. ರಾಷ್ಟ್ರಪತಿ ಯಾರು? ಬೆಂಗಳೂರಿನಲ್ಲಿ ಹತ್ತು ವರ್ಷದ ಹಿಂದೆ ಇವರ ಬದಲು ಆಯ್ಕೆಯಾಗಿದ್ದ ಅದೇ ಸಂಜೀವ ರೆಡ್ಡಿ. ಎರಡು ದಿನದಲ್ಲಿ ಲೋಕಸಭೆ ವಿಸರ್ಜನೆಯಾಯಿತು. ಸಂವಿಧಾನ ಪಂಡಿತರು ಆ ನಿರ್ಧಾರವನ್ನು ಇಂದಿಗೂ ಚರ್ಚಿಸುತ್ತಾರೆ. ಸದನದಲ್ಲಿ ಬಲ ಪರೀಕ್ಷೆಗೆ ಒಂದು ವಾರ ಕೊಟ್ಟಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. 1980ರ ಜನವರಿಯಲ್ಲಿ ಜನತಾ ಪಕ್ಷ ಅವರನ್ನೇ ಪ್ರಧಾನಿ ಅಭ್ಯರ್ಥಿಯೆಂದು ಸಾರಿ 31 ಸ್ಥಾನಕ್ಕೆ ಕುಸಿಯಿತು. ಮಗನ ಹಗರಣ ಅಷ್ಟರಲ್ಲಿ ಮನೆಯ ಮಾನ ಹರಾಜು ಹಾಕಿತ್ತು. ನಮ್ಮ ದೇವರಾಜ ಅರಸರ ಕಾಂಗ್ರೆಸ್ಸಿನ ಜೊತೆ ಕೆಲಕಾಲ, ಆಮೇಲೆ ತಮ್ಮದೇ ಸಣ್ಣ ಪಕ್ಷ. ಸಸಾರಾಮ್ ಮಾತ್ರ ಕೊನೆಯವರೆಗೆ ಕೈಬಿಡಲಿಲ್ಲ. 1952ರಿಂದ ಸೋಲೇ ಕಾಣದೆ, ಲೋಕಸಭಾ ಸದಸ್ಯರಾಗಿಯೇ 1986ರ ಜುಲೈ 6ರಂದು ತೀರಿಕೊಂಡರು.

ಆಮೇಲೆ ರಾಷ್ಟ್ರಪತಿ ಭವನಕ್ಕೆ ಕೆ.ಆರ್. ನಾರಾಯಣನ್, ರಾಮನಾಥ್ ಕೋವಿಂದ್ ಹೋದರು. ಕೋವಿಂದ್ ಎದುರು ನಿಂತು ಸೋತವರು ಬಾಬೂಜಿಯ ಮಗಳು, ಲೋಕಸಭೆಯ ಮೊದಲ ಮಹಿಳಾ ಸ್ಪೀಕರ್ ಮೀರಾ ಕುಮಾರ್. ಪ್ರಧಾನಿ ಕುರ್ಚಿಗೆ ಅಷ್ಟು ಹತ್ತಿರ ಹೋದ ದಲಿತ ನಾಯಕ ಇನ್ನೊಬ್ಬರಿಲ್ಲ. ಕರ್ನಾಟಕದಲ್ಲಿ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮಕ್ಕೆ ಅವರ ಹೆಸರಿದೆ. ಒಳಮೀಸಲಾತಿಯ ಮೆರವಣಿಗೆಗಳಲ್ಲಿ ಮಾದಿಗ ತರುಣರು ಅವರ ಪಟವನ್ನು ಅಂಬೇಡ್ಕರರ ಪಟದ ಜೊತೆಗೇ ಹಿಡಿದು ನಡೆದಿದ್ದಾರೆ. ಬದುಕಿದ್ದಾಗ ಎದುರುಬದುರಾಗಿದ್ದವರನ್ನು ಬೀದಿಯ ಜನ ರಾಜಿ ಮಾಡಿಸಿದ್ದಾರೆ. ಇನ್ನು ಆ ರೈಲ್ವೆ ಸುತ್ತೋಲೆಗಳ ವಿಷಯ. 1992ರ ಇಂದ್ರಾ ಸಾಹ್ನಿ ತೀರ್ಪು ಬಡ್ತಿ ಮೀಸಲಾತಿಗೆ ತಡೆ ಹಾಕಿತು, 1995ರ 77ನೆಯ ತಿದ್ದುಪಡಿ ಅದನ್ನು ಮರಳಿಸಿತು. 2017ರಲ್ಲಿ ಪವಿತ್ರ ಪ್ರಕರಣದ ತೀರ್ಪು ಬಂದು ನಮ್ಮ ರಾಜ್ಯದ ಎಷ್ಟೋ ಎಂಜಿನಿಯರರು, ಅಧಿಕಾರಿಗಳು ಹಿಂಬಡ್ತಿಯ ಆದೇಶ ಕೈಯಲ್ಲಿ ಹಿಡಿದು ಹಳೆಯ ಕುರ್ಚಿಗೆ ಮರಳಬೇಕಾಯಿತು. ರಾಜ್ಯ ಹೊಸ ಕಾಯ್ದೆ ತಂದಿತು, 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಜ್ಯೇಷ್ಠತಾ ಪಟ್ಟಿಗಳ ತಕರಾರು ಆ ಮೇಲೂ ಇಲಾಖೆಗಳನ್ನು ಬಿಟ್ಟು ಹೋಗಿಲ್ಲ. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅವರು ಕಡತದಲ್ಲಿ ಶುರುಮಾಡಿದ ಕೆಲಸ ಇಂದಿಗೂ ಕಡತದಲ್ಲೇ ಹೋರಾಡುತ್ತಿದೆ.